ಯಳಂದೂರನ್ನು ಮುಳುಗಿಸಿದ ಮೇಷ್ಟ್ರು

ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಯಾವ ನಗರದ ಪಾಠ ಬಂದರೂ ಮೊದಲು ಬೋರ್ಡಿನ ಮೇಲೆ ಕೊಳ್ಳೇಗಾಲದ ನಕ್ಷೆ ಬರೆಯುತ್ತಿದ್ದರು. ಆಮೇಲೆ ಅಂಗೈಯಿಂದ ಒಂದೊಂದೇ ಹೆಸರು ಒರೆಸಿ ಆ ನಗರದ ಹೆಸರುಗಳನ್ನು ತುಂಬುತ್ತಿದ್ದರು. "ನಮ್ ಕೊಳ್ಳೇಗಾಲ ಇದ್ದಂಗೇ ಕಣ್ರಲಾ" ಎನ್ನುವುದು ಅವರ ಪಲ್ಲವಿ.

ಸೂರತ್ ಪಾಠದ ದಿನ ಕಾವೇರಿ ತಾಪಿಯಾಯಿತು. ರೇಷ್ಮೆ ಸೀರೆ ನೇಯುವವರ ಬೀದಿ ವಜ್ರಕ್ಕೆ ಸಾಣೆ ಹಿಡಿಯುವವರ ಬೀದಿಯಾಯಿತು. ಮೊಘಲರ ಕಾಲದ ಹಡಗು ನಿಲ್ಲಲು ಸಮುದ್ರ ಬೇಕಾದಾಗ ಮೇಷ್ಟ್ರು ಪಶ್ಚಿಮಕ್ಕೆ ಕೈ ಚಾಚಿ, ಯಳಂದೂರನ್ನು ಒರೆಸಿ, 'ಅರಬ್ಬೀ ಸಮುದ್ರ' ಎಂದು ಬರೆದರು. ನಾನು ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಬರುವವನು. ತಡೆಯಲಾರದೆ ಎದ್ದು ನಿಂತೆ.

"ಸಾ, ನಮ್ಮೂರು ಮುಳುಗೋಯ್ತು."

"ಪಾಠ ಮುಗೀಲಿ, ಎತ್ತಿ ಕೊಡ್ತೀನಿ. ಕೂತ್ಕೊಳ್ಲಾ."

ಪಾಠ ಮುಗಿಯಿತು. ಮೇಷ್ಟ್ರು ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡು ಹೋಗಿಬಿಟ್ಟರು.

ಹೋದ ತಿಂಗಳು ಕೆಲಸದ ಮೇಲೆ ಸೂರತ್‌ಗೆ ಹೋದವನು ಅವರಿಗೆ ಫೋನ್ ಮಾಡಿದೆ. ಹಳೆಯ ಸೇಡು ತೀರಿಸಿಕೊಳ್ಳುವ ಆಸೆ.

"ಸಾ, ಇಲ್ಲಿ ಊರ ಪಕ್ಕ ಸಮುದ್ರಾನೇ ಇಲ್ಲ. ದೂರ ಅದೆ."

"ಎಷ್ಟು ದೂರಲಾ?"

ಮನಸ್ಸಿನಲ್ಲೇ ಅಂದಾಜು ಮಾಡಿದೆ. "ಕೊಳ್ಳೇಗಾಲದಿಂದ ಯಳಂದೂರಿನಷ್ಟು, ಸಾ."

"ಮತ್ತೆ? ನಿಮ್ಮೂರ ಸುಮ್‌ಸುಮ್ನೆ ಮುಳುಗಿಸಿದ್ನಾ ನಾನು?"