ದಂಡೆಯ ಕೆಳಗಿನ ಟೊಳ್ಳು

ನನಗೆ ನಲವತ್ತೇಳು ತುಂಬಿದ ವರ್ಷ ನೀರಿನೊಳಗೆ ಉಸಿರಾಡುವುದನ್ನು ಕಲಿತೆ. ತೆಲಂಗಾಣದ ತಾಂಡೂರು ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂರುವ ಹೆಂಗಸು ಭಾನುವಾರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಲ್ಲಿನ ಖಣಿಯಲ್ಲಿ ಮುಳುಗುತ್ತಾಳೆಂದರೆ ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಯಾಕೆ ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ಮನೂರಿನ ಹತ್ತಿರ ನಮ್ಮೂರ ಬಾವಿಯಲ್ಲಿ ನಾನೂ ತಂಗಿಯೂ ಈಜುತ್ತಿದ್ದೆವು, ಅಷ್ಟೆ. ನಿಜ ಹೇಳಬೇಕೆಂದರೆ ಈಜಿನಲ್ಲಿ ನನಗಿಂತ ಅವಳೇ ಗಟ್ಟಿ. ನಾನು ಓದಿ ನೌಕರಿ ಹಿಡಿದೆ. ಅವಳನ್ನು ತಾಂಡೂರಿನಿಂದ ಕೊಡಂಗಲ್ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ, ಕುರಿ ಸಾಕುವ ಮನೆಗೆ ಕೊಟ್ಟರು.

ಕಲಿಸಿದವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರೂ ಇದೇ ಕಡೆಯವರು. ವಯಸ್ಸೆಲ್ಲ ಒಂದು ಬಂದರಿನಲ್ಲಿ ಮುಳುಗುಗಾರರಾಗಿ ದುಡಿದು, ಕಿವಿ ಕೈಕೊಟ್ಟ ಮೇಲೆ ಊರಿಗೆ ಮರಳಿದ್ದರು. ತಿಂಗಳಿಗೊಮ್ಮೆ ಆಸ್ಪತ್ರೆಗೆಂದು ಹೈದರಾಬಾದಿಗೆ ಟಿಕೆಟ್ ತೆಗೆಸಲು ಬರುತ್ತಿದ್ದರು. ಹಾಗೇ ಮಾತಿಗೆ ಮಾತು ಬೆಳೆಯಿತು. ಕಲ್ಲು ತೆಗೆದು ಬಿಟ್ಟುಹೋದ, ನೀರು ತುಂಬಿದ ಖಣಿಯೊಂದರಲ್ಲಿ ನಾಲ್ಕಾರು ಮಂದಿಗೆ ಕಲಿಸುತ್ತಿದ್ದೇನೆ, ನೋಡಲು ಬನ್ನಿ ಎಂದರು. ನೋಡಲು ಹೋದವಳು ಮೂರನೇ ವಾರ ನೀರಿಗಿಳಿದೆ. ಸಿಮೆಂಟ್ ಫ್ಯಾಕ್ಟರಿಯ ಕೆಮಿಸ್ಟ್ ಒಬ್ಬರು, ಕಾಲೇಜಿನಲ್ಲಿ ಪಾಠ ಮಾಡುವ ಗಂಡ ಹೆಂಡತಿ, ನಾನು. ಬರಬರುತ್ತ ಹೈದರಾಬಾದಿನಿಂದಲೂ ಒಂದಿಬ್ಬರು ಬರತೊಡಗಿದರು.

ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಪದರ ಪದರವಾಗಿ ಎಬ್ಬಿಸುತ್ತಾರೆ. ಹಾಗಾಗಿ ನೀರಿನ ಕೆಳಗೆ ಆ ಖಣಿ ದೊಡ್ಡ ದೊಡ್ಡ ಮೆಟ್ಟಿಲುಗಳ ಹಾಗಿತ್ತು. ಚಳಿಗಾಲದಲ್ಲಿ ನೀರು ತಿಳಿಯಾಗಿರುತ್ತಿತ್ತು. ಒಂದು ಮೆಟ್ಟಿಲಿನ ಮೇಲೆ ಕೂತು ತಲೆಯೆತ್ತಿದರೆ ನಮ್ಮ ಗುಳ್ಳೆಗಳು ಮೇಲೇರುವುದು, ಅವುಗಳಾಚೆ ಬಿಸಿಲು ಅಲುಗುವುದು ಕಾಣುತ್ತಿತ್ತು. ಕೌಂಟರಿನ ಗದ್ದಲ ನನ್ನ ತಲೆಯಿಂದ ಇಳಿದುಹೋಗುತ್ತಿದ್ದುದು ಅಲ್ಲಿ ಮಾತ್ರ.

ಖಣಿಯ ಮೂಡಣ ದಂಡೆಗೆ ಹತ್ತಿಕೊಂಡಿದ್ದದ್ದು ತಂಗಿಯ ಮನೆಯವರ ಹೊಲ. ತೊಗರಿ ಬೆಳೆಯುತ್ತಿದ್ದರು, ಕೊಯ್ಲಾದ ಮೇಲೆ ಕುರಿಗಳನ್ನು ಅಲ್ಲೇ ತರುಬಿ ಕೂಡಿಹಾಕುತ್ತಿದ್ದರು. ನಾನು ಮುಳುಗುವ ಭಾನುವಾರ ತಂಗಿ ರೊಟ್ಟಿ ಗಂಟು ಹಿಡಿದು ದಂಡೆಗೆ ಬಂದು ಕೂರುತ್ತಿದ್ದಳು. ನಾನು ಮೇಲೆ ಬಂದಾಗ ಅವಳು ಕೇಳುತ್ತಿದ್ದುದು ಒಂದೇ ಮಾತು: “ಬಂದ್ಯೇನಕ್ಕಾ?” ಮುಂದೆ ನಿಂತ ನನ್ನನ್ನು ನೋಡುತ್ತಲೇ ಹಾಗೆ ಕೇಳುತ್ತಿದ್ದಳು.

ಗಾಳಿಯಿಂದ ಕರೆಂಟು ಮಾಡುವ ಕಂಪನಿಯವರು ಬಂದಾಗ ಮೊದಲು ಒಂದು ಸಣಕಲು ಕಂಬ ನಿಲ್ಲಿಸಿ ಗಾಳಿ ಅಳೆದರು. ನಾವು ಅದನ್ನು ಗಮನಿಸಲೇ ಇಲ್ಲ. ಆಮೇಲೆ ಇಂಜಿನಿಯರುಗಳು ಬಂದು ಹೇಳಿದರು: ಮೂರು ಗಾಳಿಯಂತ್ರ ಬರುತ್ತವೆ, ಎರಡು ದಿಬ್ಬದ ಮೇಲೆ, ಒಂದು ತಂಗಿಯ ಹೊಲದಲ್ಲಿ, ದಂಡೆಗೆ ಸಮೀಪ. ಕೇಬಲ್ ಖಣಿಯ ತಳದಲ್ಲಿ ಹಾಯುತ್ತದೆ. ಸುತ್ತ ಬೇಲಿ ಬೀಳುತ್ತದೆ. ಅಲ್ಲಿಗೆ ನಮ್ಮ ಮುಳುಗಾಟ ಮುಗಿದಂತೆ.

ನಮ್ಮವರೆಲ್ಲ ಸಿಟ್ಟಾದರು. ನಾನೂ ಆದೆ. ಆದರೆ ಅದೇ ವಾರ ತಂಗಿ ಮನೆಗೆ ಬಂದಾಗ ಅವಳ ಮುಖ ನೋಡಿ ನನ್ನ ಸಿಟ್ಟು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

“ವರ್ಷಾ ಬಾಡಿಗಿ ಕೊಡ್ತಾರಂತ ಅಕ್ಕಾ,” ಎಂದಳು. “ಹಂಗಾದ್ರ ಇವರು ಕುರಿ ಹೊಡಕೊಂಡು ಹೋಗೂದು ತಪ್ಪತದ. ಅರ್ಧಾ ವರ್ಷ ಮನಷ್ಯಾ ಎಲ್ಲಿ ಅದಾನ ಅಂತ ಫೋನಿನಾಗ ಕೇಳೂದು. ಇಪ್ಪತ್ತಾರು ವರ್ಷ ಆತು. ಇನ್ನರ ಮನ್ಯಾಗ ಇರ್ಲಿ.”

“ಚಲೋ ಆತಲ್ಲ,” ಎಂದೆ.

“ನಿಮ್ಮ ಮುಳುಗೂದು ನಿಂದರ್ತದ.”

“ಅದೇನು ಮಹಾ,” ಎಂದೆ. ಆ ಮಾತು ಬಾಯಿಂದ ಬಂದಾಗ ಸುಳ್ಳೋ ನಿಜವೋ ಎಂದು ನನಗೇ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಇದನ್ನೆಲ್ಲ ಉಸ್ತಾದರಿಗೆ ಹೇಳಿದೆ. ಅವರು ಮಾಸ್ಕಿನ ಗಾಜು ಒರೆಸುತ್ತ ಕೂತಿದ್ದರು.

“ನಾ ಯಾರ ಕಡಿ ಮಾತಾಡ್ಲಿ ಮೇಡಂ,” ಎಂದರು. “ಬಂದರದಾಗ ತೆರಿ ತಡಿಯೋ ಕಟ್ಟಿ ಮ್ಯಾಲ ಇಂಥವೇ ಗಾಳಿ ಕಂಬ ನಿಂದ್ರಸಾಕ ಬಂದಿದ್ರು. ಅಲ್ಲಿನೂ ಶೋಕಿಗಿ ಮುಳುಗೋ ಮಂದಿ ಇದ್ರು. ಹಳೇ ಹಡಗೊಂದು ತಳದಾಗ ಬಿದ್ದಿತ್ತು, ಅದು ನೋಡಾಕ ಬರ್ತಿದ್ರು. ಅವರಿಗಿ ತಡ್ಯಾಕ ನೀರಾಗ ಹಗ್ಗ ಕಟ್ಟಿದಾಂವ ನಾನೇ. ಒಬ್ಬಾಕಿ ದೋಣ್ಯಾಗ ಕುಂತು ಅತ್ತಳು. ಆವಾಗ ನನಗ ನಗಿ ಬಂತು. ಇಷ್ಟಕ್ಕೆಲ್ಲ ಅಳ್ತಾರೇನು ಅಂತ.”

“ಈಗ?”

“ಈಗ ನಗಿ ಬರವಲ್ದು. ಆದ್ರ ಅವತ್ತು ಮಾಡಿದ್ದು ತಪ್ಪಂತನೂ ಅನ್ನಸವಲ್ದು.”

ನಾನು ಅವರಿಂದ ಏನಾದರೂ ಒಂದು ನಿರ್ಧಾರದ ಮಾತು ಬಯಸಿದ್ದೆ. ಅವರು ಮಾಸ್ಕನ್ನು ನನ್ನ ಕೈಗಿಟ್ಟು ಎದ್ದರು.

ನಮ್ಮ ಗುಂಪಿನ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ತೆಲುಗು ಬರಹ ಅಚ್ಚುಕಟ್ಟು ಎಂದು ಎಲ್ಲರೂ ಹೇಳುತ್ತಿದ್ದರು. ನೀರು ಎಲ್ಲರದು, ಇಂಥ ಜಾಗ ಸುತ್ತ ಇನ್ನೊಂದಿಲ್ಲ, ಕೇಬಲ್ ಬೇರೆ ದಾರಿಯಲ್ಲಿ ಹೋಗಲಿ ಎಂದು ಎರಡು ಪುಟ ಬರೆದೆ. ಬರೆಯುವಾಗ ಕಣ್ಣಲ್ಲಿ ನೀರು ಬಂತು. ಎರಡು ದಿನ ಕಳೆದ ಮೇಲೆ ಮೈದುನ, ಅಂದರೆ ತಂಗಿಯ ಗಂಡ, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯ ಬಾಗಿಲಲ್ಲಿ ನಿಂತ. ಕಂಬ ನಮ್ಮ ಹೊಲದಲ್ಲೇ ಬರಲಿ ಎಂದು ಒಪ್ಪಿಗೆ ಪತ್ರ ಕೊಡಬೇಕಂತೆ.

“ಅಕ್ಕಾ, ನಮ್ಮ ಮನ್ಯಾಗ ಯಾರಿಗಿ ಬರ್ಯಾಕ ಬರ್ತದ ಹೇಳ್ರಿ,” ಎಂದ.

ನಾನು ಅದನ್ನೂ ಬರೆದೆ. ಹೊಲದವನೊಬ್ಬ ಅರ್ಧ ವರ್ಷ ಮನೆ ಬಿಟ್ಟು ಅಲೆಯುವುದು ತಪ್ಪಲಿ, ಗಾಳಿ ಯಾರ ಆಸ್ತಿಯೂ ಅಲ್ಲ, ಅದರಿಂದ ಹಳ್ಳಿಗೆ ಒಳ್ಳೆಯದಾಗುವುದಾದರೆ ಯಾರೂ ಅಡ್ಡ ಬರಬಾರದು ಎಂದು ಬರೆದೆ. ಆಗಲೂ ಕಣ್ಣಲ್ಲಿ ನೀರು ಬಂತು. ಮೈದುನ ನನ್ನನ್ನೇ ನೋಡುತ್ತಿದ್ದವನು, ಚಹಾ ಆರುತ್ತದೆ ಎಂದು ಮೆಲ್ಲಗೆ ನೆನಪಿಸಿದ.

ಪಂಚಾಯಿತಿ ಕಟ್ಟಡದಲ್ಲಿ ಬೆಳಿಗ್ಗೆ ಸಭೆ ಕೂಡಿತು. ವಿಚಾರಣೆಗೆ ಬಂದಿದ್ದ ಅಧಿಕಾರಿ ತಾಳ್ಮೆಯ ಮನುಷ್ಯ. ಅರ್ಜಿಗಳನ್ನು ಒಂದೊಂದಾಗಿ ಓದಿ ಪಕ್ಕಕ್ಕಿಡುತ್ತಿದ್ದವರು ನಡುವೆ ನಿಲ್ಲಿಸಿ, ಎರಡು ಹಾಳೆಗಳನ್ನು ಜೊತೆಗೆ ಹಿಡಿದರು. “ಇವೆರಡೂ ಒಂದೇ ಕೈಬರಹ,” ಎಂದು ತೆಲುಗಿನಲ್ಲಿ ಹೇಳಿದರು. “ಯಾರು ಬರೆದದ್ದು?”

ನಾನು ಎದ್ದು ನಿಂತೆ. ಒಂದು ಬದಿಯಲ್ಲಿ ಕೆಮಿಸ್ಟರು, ಕಾಲೇಜಿನ ಗಂಡ ಹೆಂಡತಿ. ಇನ್ನೊಂದು ಬದಿಯಲ್ಲಿ ತಂಗಿ, ಮೈದುನ, ಅವನ ಅಣ್ಣಂದಿರು. ಎಲ್ಲರೂ ನನ್ನ ಕಡೆ ತಿರುಗಿದರು.

“ಎರಡರಲ್ಲಿ ನಿಮ್ಮದು ಯಾವುದಮ್ಮ?”

ಬೇರೆಯವರ ಪರವಾಗಿ ಬರೆದುಕೊಟ್ಟೆ ಎಂದು ಹೇಳಿ ಕೂತುಬಿಡಬಹುದಿತ್ತು. ಆಗ ಅದು ಹೊಳೆಯಲಿಲ್ಲ. “ಎರಡೂ ನನ್ನವೇ ಸಾರ್,” ಎಂದೆ. ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಸಭೆ ಮಾಡೋಣ ಎಂದು ಎದ್ದರು. ಹೊರಗೆ ಬಂದಾಗ ಕೆಮಿಸ್ಟರು ನನ್ನ ಜೊತೆ ಮಾತಾಡಲಿಲ್ಲ. ತಂಗಿ ಮಾತಾಡಿದಳು, ಆದರೆ ಕುರಿಗಳ ಬಗ್ಗೆ.

ಆ ತಿಂಗಳಿನ ಒಂದು ಭಾನುವಾರ ಕೆಮಿಸ್ಟರೇ ಫೋನು ಮಾಡಿದರು. ಸಭೆಯಲ್ಲಿ ತೋರಿಸಲು ನೀರಿನ ಕೆಳಗಿನ ಚಿತ್ರ ಬೇಕು, ಉಸ್ತಾದರಿಗೆ ಕಿವಿ ನೋವು, ಜೊತೆಗೆ ಬರುತ್ತೀರಾ ಎಂದರು. ಮುಳುಗುವಾಗ ಒಬ್ಬರೇ ಇಳಿಯಬಾರದು. ಹೋದೆ.

ನೀರಿನೊಳಗೆ ಮೂಡಣ ದಂಡೆಯ ಕಡೆ ನಾವು ಎಂದೂ ಹೋಗಿರಲಿಲ್ಲ. ಅಲ್ಲಿ ತಳದಲ್ಲಿ ಹೂಳು ಜಾಸ್ತಿ, ಕಾಲು ತಗುಲಿದರೆ ನೀರೆಲ್ಲ ಕದಡುತ್ತದೆ. ಅವತ್ತು ಕೆಮಿಸ್ಟರಿಗೆ ಅದೂ ಚಿತ್ರದಲ್ಲಿ ಬೇಕಿತ್ತು. ಅವರು ಕ್ಯಾಮೆರಾ ಹಿಡಿದು ಸ್ವಲ್ಪ ಮೇಲೆ ನಿಂತರು. ನಾನು ಗೋಡೆಯ ಗುಂಟ ಟಾರ್ಚ್ ಹಿಡಿದು ಇಳಿದೆ. ಬೆಳಕು ಕಲ್ಲಿನ ಮೇಲೆ ಜಾರುತ್ತ ಬಂದು ಒಂದು ಕಡೆ ಇಲ್ಲದಂತಾಯಿತು. ಟಾರ್ಚ್ ಕೆಟ್ಟಿತೆಂದುಕೊಂಡೆ. ಕೆಟ್ಟಿರಲಿಲ್ಲ. ಅಲ್ಲಿ ಗೋಡೆಯೇ ಇರಲಿಲ್ಲ. ಮೇಲೆ ಒಂದು ಗಟ್ಟಿ ಪದರ, ಕೆಳಗೆ ಒಂದು ಪದರ, ನಡುವೆ ನಾನು ಕೂತರೆ ಹಿಡಿಯುವಷ್ಟು ಎತ್ತರದ ಕತ್ತಲೆ. ಹಿಂದೆ ಖಣಿ ನಡೆಸಿದವರು ಒಳ್ಳೆಯ ಕಲ್ಲಿನ ಆಸೆಗೆ ದಂಡೆಯ ಅಡಿಗೇ ನುಗ್ಗಿ ತೆಗೆದಿರಬೇಕು. ಒಳಗೆ ಕೈಚಾಚಿದೆ. ಇನ್ನಷ್ಟು ಮುಂದೆ ಸರಿದೆ. ಬೆಳಕು ಎಲ್ಲಿಯೂ ತಾಗಲಿಲ್ಲ. ನನ್ನ ಮೇಲೆ ತಂಗಿಯ ಹೊಲವಿದೆ ಎಂಬುದು ಆಗ ನೆನಪಾಯಿತು. ಗಾಬರಿಯಲ್ಲಿ ಕಾಲು ತಳಕ್ಕೆ ತಗುಲಿ ಹೂಳು ಎದ್ದಿತು. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲಿಲ್ಲ. ಉಸ್ತಾದರು ಕಲಿಸಿದ್ದನ್ನು ನೆನೆದು ಅಲುಗದೆ ನಿಂತು, ಗುಳ್ಳೆಗಳು ಕೆನ್ನೆಯ ಮೇಲೆ ಯಾವ ಕಡೆ ಹರಿಯುತ್ತವೆಂದು ನೋಡಿಕೊಂಡು, ಅಂಗೈಯಿಂದ ಕಲ್ಲು ತಡವುತ್ತ ಹೊರಗೆ ಬಂದೆ.

“ನನಗ ಮಣ್ಣು ಬಿಟ್ರ ಏನೂ ಕಾಣಲಿಲ್ಲ,” ಎಂದರು ಕೆಮಿಸ್ಟರು. ಕ್ಯಾಮೆರಾದಲ್ಲೂ ಮಣ್ಣೇ ಇತ್ತು.

ಮುಂದಿನ ನಾಲ್ಕು ದಿನ ನಾನು ಕೌಂಟರಿನಲ್ಲಿ ತಪ್ಪು ಊರಿಗೆ ಟಿಕೆಟ್ ಕೊಟ್ಟು ಬೈಸಿಕೊಂಡೆ. ನಾನು ಕಂಡದ್ದು ಎಷ್ಟು ಆಳದ ಟೊಳ್ಳು? ಎರಡು ಮಾರೋ ಇಪ್ಪತ್ತು ಮಾರೋ? ಗಾಬರಿಯಲ್ಲಿ ಚಿಕ್ಕ ಪೊಟರೆಯೇ ದೊಡ್ಡದಾಗಿ ಕಂಡಿತೇ? ಇನ್ನೊಂದು ಯೋಚನೆ ಇದಕ್ಕಿಂತ ಕೆಟ್ಟದಾಗಿತ್ತು. ಕಂಬ ಬರಬಾರದೆಂದು ನನ್ನ ಮನಸ್ಸಿನ ಒಂದು ಮೂಲೆ ಬಯಸುತ್ತಿತ್ತಲ್ಲ, ಆ ಮೂಲೆಯೇ ಇದನ್ನು ನೋಡಿಬಿಟ್ಟಿತೇ?

ಉಸ್ತಾದರು ಎಲ್ಲ ಕೇಳಿ, “ಹಗ್ಗ ಒಯ್ದು ಅಳೀಬೇಕು. ನನಗ ಡಾಕ್ಟರ್ ಇಳೀಬ್ಯಾಡ ಅಂದಾರ. ನಿಮಗ ಮತ್ತ ಅದರಾಗ ಹೋಗ್ರಿ ಅಂತ ನಾ ಹೇಳಂಗಿಲ್ಲ,” ಎಂದರು.

ಕಂಪನಿಯವರಿಗಿಂತ ಮೊದಲು ತಂಗಿಗೆ ಹೇಳಿದೆ. ಅವಳ ಮನೆಯಂಗಳದಲ್ಲಿ, ಮೈದುನನೂ ಇರುವಾಗಲೇ ಹೇಳಿದೆ. ಅವನು ತಲೆ ಅಲ್ಲಾಡಿಸಿದ. “ನಮ್ಮಪ್ಪ ಅಲ್ಲೇ ನೇಗಲಾ ಹೊಡದಾನ. ನಾ ಹೊಡದೀನಿ. ಟ್ರ್ಯಾಕ್ಟರ್ ಹೋಗ್ಯಾದ. ಒಂದಿನಾನೂ ಭೂಮಿ ಅಲುಗಿಲ್ಲ ಅಕ್ಕಾ.”

“ಮತ್ಯಾರು ನೋಡ್ಯಾರ?” ಎಂದಳು ತಂಗಿ.

“ನಾ ಒಬ್ಬಾಕಿನೇ.”

“ನೀ ಒಬ್ಬಾಕಿನೇ,” ಎಂದು ಅವಳು ತಿರುಗಿ ಅಂದಳು. ಅದರಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನನ್ನು ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿದಳು.

ಮರುದಿನ ರಜೆ ಹಾಕಿ ದಿಬ್ಬದ ಮೇಲಿನ ಕಂಪನಿಯ ಶೆಡ್ಡಿಗೆ ಹೋದೆ. ಇಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಮಾತನ್ನು ಬರೆದುಕೊಂಡಳು. ನೀವು ಮುಳುಗುವವರ ಗುಂಪಿನವರಲ್ಲವೇ ಎಂದು ಕೇಳಿದಳು. ಹೌದು ಎಂದೆ. ಆ ಹೊಲದವರಿಗೆ ನೀವು ಏನಾಗಬೇಕು ಎಂದಳು. ಒಡಹುಟ್ಟಿದವಳ ಹೊಲ ಎಂದೆ. ಪೆನ್ನು ಎತ್ತಿ ನನ್ನನ್ನು ನೋಡಿದಳು. ನಾನು ಯಾವ ಕಡೆಯವಳೆಂದು ಅವಳಿಗೂ ತಿಳಿದಂತೆ ಕಾಣಲಿಲ್ಲ.

ಹದಿನೈದು ದಿನದೊಳಗೆ ಕೊರೆಯುವ ಯಂತ್ರ ಬಂತು. ನಾನು ದೂರದಲ್ಲಿ, ರಸ್ತೆಯ ಮೇಲೆ ನಿಂತು ನೋಡಿದೆ. ಮೂರು ಕಡೆ ಕೊರೆದರು. ಎರಡು ಕಡೆ ಗಟ್ಟಿ ಕಲ್ಲು ಸಿಕ್ಕಿತು. ಮೂರನೆಯ ಕಡೆ ಸರಳು ಒಮ್ಮೆಲೇ ಕೆಳಗಿಳಿದು, ತೂತಿನಿಂದ ನೀರು ಬಂತು. ಮೈದುನ ಹತ್ತಿರದಲ್ಲೇ ನಿಂತಿದ್ದ. ಟವೆಲಿನಿಂದ ಮುಖ ಒರೆಸಿಕೊಂಡು, ಕುರಿಗಳನ್ನು ಹೊಡೆದುಕೊಂಡು ಆಚೆ ಹೋದ.

ಎರಡನೆಯ ಸಭೆ ಹೆಚ್ಚು ಹೊತ್ತು ನಡೆಯಲಿಲ್ಲ. ಮೂರನೆಯ ಕಂಬ ದಿಬ್ಬದಾಚೆ ಬೇರೊಬ್ಬರ ಹೊಲಕ್ಕೆ ಹೋಯಿತು. ಕೇಬಲ್ ರಸ್ತೆಯ ಪಕ್ಕ ಹಾಯುವುದೆಂದು ತೀರ್ಮಾನವಾಯಿತು. ನಮ್ಮ ಗುಂಪಿನವರು ಕೈ ಕುಲುಕಿಕೊಳ್ಳುತ್ತಿದ್ದರು. ಅಧಿಕಾರಿ ಇನ್ನೊಂದು ಹಾಳೆ ತೆಗೆದು ಓದಿದರು. ದಂಡೆಯ ಕೆಳಗೆ ಟೊಳ್ಳಿರುವುದು ಗೊತ್ತಾದ ಮೇಲೆ ಆ ನೀರಿಗೆ ಯಾರನ್ನೂ ಬಿಡಲಾಗುವುದಿಲ್ಲ. ಖಣಿಗೆ ಬೇಲಿ ಹಾಕಿಸುತ್ತೇವೆ. ದಂಡೆಯ ಹತ್ತಿರ ಕುರಿ ತರುಬುವುದನ್ನೂ ಬಿಡಬೇಕು. ಕೆಮಿಸ್ಟರು ನನ್ನ ಕಡೆ ತಿರುಗಿ, “ನೀವು ಸುಮ್ಮನಿದ್ದಿದ್ರ ಕೇಬಲ್ ವಿಚಾರ ಹ್ಯಾಂಗರ ಮಾಡಿ ಗೆಲ್ತಿದ್ದೆವು,” ಎಂದರು. ಇರಬಹುದು. ಇಲ್ಲದಿರಬಹುದು. ಕಂಬ ನಿಂತು, ಒಂದು ದಿನ ಕೆಳಗೆ ಯಾರೋ ಮುಳುಗಿರುವಾಗ, ಮೇಲೆ ತಂಗಿ ಕೂತಿರುವಾಗ... ಅಲ್ಲಿಂದ ಮುಂದೆ ನಾನು ಯೋಚಿಸಲಾರೆ. ಆದರೆ ಆ ದಂಡೆ ಒಂದು ಮಳೆಗಾಲ ಕಳೆದರೂ ಕುಸಿದಿಲ್ಲ. ಮುಂದೆಯೂ ಕುಸಿಯದೇ ಇರಬಹುದು.

ಆ ವರ್ಷವೂ ಮೈದುನ ಕುರಿ ಹೊಡೆದುಕೊಂಡು ಹೋದ. ತಂಗಿ ಫೋನು ಮಾಡಲಿಲ್ಲ. ನಾನು ಮಾಡಿದರೆ ಹೂಂ, ಹಾಂ ಎಂದು ಇಡುತ್ತಿದ್ದಳು. ಏಳೆಂಟು ತಿಂಗಳು ಹೀಗೇ ಹೋಯಿತು.

ಮೊನ್ನೆ ಜಹೀರಾಬಾದಿನಲ್ಲಿ ಸೋದರತ್ತೆಯ ಮೊಮ್ಮಗಳ ನಿಶ್ಚಯ. ಮುಗಿಸಿಕೊಂಡು ತವರಿಗೆಂದು ನಾರಾಯಣಖೇಡಕ್ಕೆ ಹೊರಟ ಶೇರ್ ಆಟೋದಲ್ಲಿ ಜಾಗವಿಲ್ಲದೆ ನಾವಿಬ್ಬರೂ ಒತ್ತಿಕೊಂಡು ಕೂತೆವು. ಅವಳ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು. ಅರ್ಧ ದಾರಿ ಸಾಗಿತು. ಆಮೇಲೆ ಅವಳು ಹೊರಗೆ ನೋಡುತ್ತಲೇ ಕೇಳಿದಳು.

“ಒಳಗ ಹ್ಯಾಂಗಿತ್ತು? ನಮ್ಮ ಹೊಲದ ಕೆಳಗ?”

“ಕತ್ತಲಿತ್ತು,” ಎಂದೆ. “ತಣ್ಣಗ. ಮ್ಯಾಲಿನ ಕಲ್ಲು ಭಾಳ ನುಣುಪಿತ್ತು, ಮನಿ ಛತ್ತಿನಂಗ.”

“ಇವರಿಗಿ ಇನ್ನಾ ನಿನ್ನ ಮ್ಯಾಲ ಸಿಟ್ಟದ,” ಎಂದಳು. “ನನಗ ಸಿಟ್ಟದನೋ ಇಲ್ಲೋ ಗೊತ್ತಾಗವಲ್ದಕ್ಕಾ. ಒಂದಿನ ಇರ್ತದ, ಒಂದಿನ ಇರಂಗಿಲ್ಲ.”

“ಇವತ್ತು?”

ಆಟೋ ಒಂದು ತಗ್ಗಿಗೆ ಬಿದ್ದು ಎದ್ದಿತು. ಅವಳು ಬೀಳದ ಹಾಗೆ ನನ್ನ ತೊಡೆಯ ಮೇಲೆ ಕೈಯೂರಿದಳು. ದಾರಿ ಸಮವಾದ ಮೇಲೂ ಕೈ ತೆಗೆಯಲಿಲ್ಲ.