ಖಾಲಿ ಅಂಕಣಕ್ಕೊಂದು ಕರೆ

ಬೆಳಕು ಹರಿಯುವ ಹೊತ್ತು. ಕಟ್ಟಡ ಕಂಪನಿಯ ಕಚೇರಿಯಲ್ಲಿ ಒಂದೇ ಕಂಪ್ಯೂಟರ್ ಎಚ್ಚರವಾಗಿದೆ. ಪರದೆಯ ಮೇಲೆ ಶಾಲೆಯೊಂದರ ನಕ್ಷೆ. ಅದರ ಮುಂದೆ ಕುಳಿತ ಮಹಿಳೆ ಮೌಸ್ ಹಿಡಿದು ಗೋಡೆಯ ಅಂಚನ್ನು ಸವರುತ್ತಾ ಹೋಗುತ್ತಾರೆ. ಬಾಗಿಲು, ಕಿಟಕಿಗಳನ್ನು ಕಳೆದು ಎಷ್ಟು ಗಾರೆ ಬೇಕೆಂಬುದನ್ನು ತಂತ್ರಾಂಶ ಲೆಕ್ಕ ಹಾಕುತ್ತದೆ. ಉಪಗುತ್ತಿಗೆದಾರರು ಕಳಿಸಿದ ದರಗಳನ್ನು ಅಕ್ಕಪಕ್ಕ ಇಟ್ಟು, ಕಡಿಮೆಯದನ್ನು ಹಸಿರಾಗಿಸುವುದೂ ಅದೇ.

ಗುತ್ತಿಗೆದಾರರೆಲ್ಲ ಇವರನ್ನು ‘ಎಸ್ಟಿಮೇಟ್ ಅಕ್ಕ’ ಎನ್ನುತ್ತಾರೆ. ನಕ್ಷೆಗಾರ್ತಿಯಾಗಿ ಸೇರಿ, ಈ ಕೆಲಸವನ್ನು ನೋಡಿ ನೋಡಿಯೇ ಕಲಿತವರು. ಅಮ್ಮ ಸೊಪ್ಪಿಗೂ ಮೂರು ಅಂಗಡಿಯ ಕೊಟೇಶನ್ ತರಿಸುತ್ತಿದ್ದಳೆಂದು ಮಗಳು ಹಂಗಿಸುತ್ತಾಳೆ. ಈಗ ಅವರು ಎಲ್ಲಿಯೂ ಚೌಕಾಸಿ ಮಾಡುವುದಿಲ್ಲ. ಅದಕ್ಕೆ ಕಾರಣವಿದೆ, ಹೇಳುವಾಗ ಅವರ ದೃಷ್ಟಿ ಕೀಲಿಮಣೆಯಿಂದ ಮೇಲೇಳುವುದಿಲ್ಲ.

ಎರಡು ವರ್ಷದ ಹಿಂದೆ ಗಾರೆ ಮೇಸ್ತ್ರಿಯೊಬ್ಬರು ತಮ್ಮ ದರಪಟ್ಟಿಯಲ್ಲಿ ಸಾರವೆಯ ಅಂಕಣವನ್ನು ಖಾಲಿ ಬಿಟ್ಟಿದ್ದರು. ಎತ್ತರದ ಗೋಡೆಗೆ ಆಳುಗಳು ನಿಲ್ಲುವ ಆ ಅಟ್ಟಣೆಯನ್ನು ಕಂಪನಿಯೇ ಕಟ್ಟಿಸಿಕೊಡುವುದು ಹಿಂದಿನಿಂದ ಬಂದ ರೂಢಿ. ತಂತ್ರಾಂಶಕ್ಕೆ ರೂಢಿ ತಿಳಿಯದು. ಖಾಲಿ ಎಂದರೆ ಸೊನ್ನೆ. ಮೇಸ್ತ್ರಿ ಹಸಿರಾದರು, ಮೊದಲ ಸ್ಥಾನಕ್ಕೆ ಬಂದರು. ಒಳ್ಳೆಯ ದರ ಹಿಡಿದಿರೆಂದು ಮಾಲೀಕರು ಅಕ್ಕನ ಬೆನ್ನು ತಟ್ಟಿದರು. ಕೆಲಸ ಶುರುವಾದ ಮೇಲೆ, ಸಾರವೆ ಯಾರದೆಂದು ಮೇಸ್ತ್ರಿ ಬಂದು ಕೇಳಿದಾಗ ಮಾಲೀಕರು ಅಕ್ಕನತ್ತ ತಿರುಗಿದರು. ಪಟ್ಟಿಯಲ್ಲಿ ಇದ್ದದ್ದೇ ಒಪ್ಪಂದ ಎಂದುಬಿಟ್ಟರು ಅಕ್ಕ. ಸಾರವೆಯ ಬಾಡಿಗೆ ತುಂಬಲು ಮೇಸ್ತ್ರಿ ಗಾರೆ ಕಲಸುವ ಯಂತ್ರವನ್ನು ಮಾರಿದರು. ಆಮೇಲೆ ಬೇರೆಯವರ ಕೈಕೆಳಗೆ ಕರಣೆ ಹಿಡಿದರು.

“ಎದುರಿಗೆ ಸಿಕ್ಕಾಗೆಲ್ಲ, ಚೆನ್ನಾಗಿದ್ದೀರಾ ಅಕ್ಕ ಅಂತಾರೆ. ಬೈದಿದ್ರೆ ವಾಸಿ ಇತ್ತು,” ಎನ್ನುತ್ತಾರೆ. ತಪ್ಪು ತಂತ್ರಾಂಶದ್ದಲ್ಲವೇ ಎಂದು ನಾನು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ. “ಅದಕ್ಕೆ ಬಾಯಿಲ್ಲ. ನನಗಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.”

ಅಂದಿನಿಂದ ಹೋಲಿಕೆಯ ಪಟ್ಟಿ ಮಾಲೀಕರ ಮೇಜಿಗೆ ಹೋಗುವ ಮೊದಲು, ಖಾಲಿ ಬಿಟ್ಟ ಪ್ರತಿ ಅಂಕಣಕ್ಕೂ ಒಂದು ಕರೆ. ಗುತ್ತಿಗೆದಾರರು ಸೈಟಿಗೆ ಹೊರಡುವ ಮೊದಲೇ ಸಿಗಬೇಕೆಂದು ಈ ಮುಂಜಾವಿನ ಪಾಳಿ. ದಿನಕ್ಕೆ ಹತ್ತೋ ಹನ್ನೆರಡೋ ಕರೆಗಳು.

ಇಂದು ಶಾಲೆಯ ಗಾರೆ ಕೆಲಸಕ್ಕೆ ಐದು ದರಪಟ್ಟಿಗಳಿವೆ. ಹಸಿರಾಗಿರುವುದು ಅದೇ ಮೇಸ್ತ್ರಿಯದು. ಮತ್ತೆ ಸ್ವಂತ ಕೆಲಸ ಹಿಡಿಯಲು ಅವರ ಮೊದಲ ಪ್ರಯತ್ನ. ಸಾರವೆಯ ಅಂಕಣ ಖಾಲಿ.

ಅಕ್ಕ ಫೋನನ್ನು ಎತ್ತಿ, ಇಟ್ಟು, ಮತ್ತೆ ಎತ್ತುತ್ತಾರೆ. ಸ್ಪೀಕರಿನಲ್ಲಿ ಮೇಸ್ತ್ರಿಯ ದನಿ.

“ಸಾರವೆ ಯಾರದು ಮೇಸ್ತ್ರಿ? ಖಾಲಿ ಬಿಟ್ಟಿದ್ದೀರಿ.”

“ಎಲ್ಲರಿಗೂ ಫೋನ್ ಮಾಡಿ ಕೇಳ್ತೀರಿ ಅಂತ ಸುದ್ದಿ. ನನ್ನನ್ನೂ ಕೇಳ್ತೀರೋ ಇಲ್ವೋ ನೋಡೋಣ ಅಂತ ಬಿಟ್ಟೆ,” ಎಂದು ನಕ್ಕು, ತಾವೇ ತರುವ ಸಾರವೆಯ ಬಾಡಿಗೆ ಹೇಳುತ್ತಾರೆ.

ಅಕ್ಕ ಅದನ್ನು ತುಂಬುತ್ತಾರೆ. ಹಸಿರು ಬೇರೊಂದು ಸಾಲಿಗೆ ಜಿಗಿಯುತ್ತದೆ.

“ಮೂರನೇ ಜಾಗಕ್ಕೆ ಹೋದ್ರಿ ಮೇಸ್ತ್ರಿ. ಈ ಕೆಲಸ ಸಿಗಲ್ಲ ಅನ್ಸತ್ತೆ.”

“ಆಗ್ಲಿ ಬಿಡಿ ಅಕ್ಕ. ಹೋದ ಸಲದ ಮೊದಲನೇ ಜಾಗಕ್ಕಿಂತ ಇದು ವಾಸಿ.”

ಕರೆ ಮುಗಿದ ಮೇಲೂ ಅಕ್ಕ ಪರದೆಯನ್ನೇ ನೋಡುತ್ತಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಹೊರಡಲು ಎದ್ದಾಗ ಒಂದು ಬೇಡಿಕೆ ಇಡುತ್ತಾರೆ. “ನನ್ನ ಬಗ್ಗೆ ಒಳ್ಳೇದೇನೂ ಬರೀಬೇಡಿ, ಮೇಸ್ತ್ರಿ ಓದ್ತಾರೆ. ಖಾಲಿ ಬಿಟ್ರೆ ಈಗ ಕೇಳ್ತಾಳೆ, ಅಷ್ಟು ಬರೀರಿ ಸಾಕು.”