ತಂಗಿಯ ಇಂಜೆಕ್ಷನ್, ನನ್ನ ಮಾತ್ರೆ

ಬೆಳಗಿನ ಪೂಜೆಗೆ ಕೂತಿದ್ದೆ. ಇಷ್ಟಲಿಂಗ ಇಟ್ಟುಕೊಳ್ಳಲು ಎಡಗೈ ಬಿಚ್ಚಲು ಹೋದರೆ ಬಿಚ್ಚಲಿಲ್ಲ. ಬೆರಳುಗಳು ಬಾತು ಬಿಗಿದುಕೊಂಡಿದ್ದವು. ನೋವಿಗಿಂತ ಮೊದಲು ಭಯವಾಯಿತು.

ಹಿಂದೂಪುರದ ಡಾಕ್ಟರು ಬ್ಲಡ್ ಟೆಸ್ಟ್ ನೋಡಿ ಹೇಳಿದರು, ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಬಾತು ಬಿಗಿಯುವ ಕಾಯಿಲೆ.

ಕಲ್ಯಾಣದುರ್ಗಕ್ಕೆ ಕೊಟ್ಟಿರುವ ನನ್ನ ತಂಗಿ ಗಿರಿಜೆಗೂ ಇದೇ ಕಾಯಿಲೆ. ಆದರೆ ಅವಳಿಗೆ ಫ್ರಿಜ್ಜಿನಲ್ಲಿಡುವ ದುಬಾರಿ ಇಂಜೆಕ್ಷನ್, ನನಗೆ ವಾರಕ್ಕೊಮ್ಮೆ ನುಂಗುವ ಮಾತ್ರೆ. ನನ್ನ ಗಂಡನ ಫ್ಯಾಕ್ಟರಿಯ ಹೆಲ್ತ್ ಪ್ಲಾನ್‌ನಲ್ಲಿ ಮೊದಲು ಮಾತ್ರೆ, ಅದು ಹಿಡಿಯದಿದ್ದರೆ ಮಾತ್ರ ಇಂಜೆಕ್ಷನ್.

"ಇದ್ದೋರಿಗೆ ಸೂಜಿ, ಇಲ್ದೋರಿಗೆ ಮಾತ್ರೆ ಅನ್ನಿ ಸಾರ್," ಎಂದೆ.

"ಹಂಗಲ್ಲಮ್ಮಾ. ಯಾವ ಮದ್ದು ಎಷ್ಟು ಜನಕ್ಕೆ ಹಿಡೀತು, ಯಾರಿಗೆ ಏನು ತೊಂದ್ರೆ ಆಯ್ತು ಅಂತ ದೊಡ್ಡ ಡಾಕ್ಟರುಗಳು ಕೂತು, ಸ್ಟಡಿಗಳನ್ನೆಲ್ಲ ನೋಡಿ ಈ ನಿಯಮ ಮಾಡಿರೋದು. ಹಿಡೀದಿದ್ರೆ ಇಂಜೆಕ್ಷನ್‌ಗೆ ನಾನೇ ಬರ್ಕೊಡ್ತೀನಿ."

ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಮಾತ್ರೆ ತಪ್ಪಿಸಲಿಲ್ಲ. ಅದು ಹಿಡಿಯದಿರಲಿ ಎಂದು ಶಿವನನ್ನು ಬೇಡಿಕೊಂಡೇ ನುಂಗುತ್ತಿದ್ದೆ. ಚಿಕ್ಕಂದಿನಲ್ಲಿ ಅಮ್ಮ ಒಂದೇ ಒಬ್ಬಟ್ಟಿದ್ದರೂ ಇಬ್ಬರಿಗೂ ಮುರಿದು ಕೊಡುತ್ತಿದ್ದಳು. ನನಗೆ ಯಾವಾಗಲೂ ಗಿರಿಜೆಯ ಪಾಲೇ ದೊಡ್ಡದಾಗಿ ಕಾಣುತ್ತಿತ್ತು. ಐವತ್ತು ದಾಟಿದರೂ ಆ ಹೊಟ್ಟೆಕಿಚ್ಚು ಆರಿಲ್ಲ. "ದೂರದ ಬೆಟ್ಟ ನುಣ್ಣಗೆ ಕಣೇ," ಎಂದು ಗಂಡ ರೇಗಿಸಿದರೆ ಅವರ ಮೇಲೂ ಸಿಡುಕುತ್ತಿದ್ದೆ.

ಬೆರಳಿನ ಬಾವು ಇಳಿಯತೊಡಗಿತು.

ನನಗೆ ಸಿಟ್ಟು ಬಂತು. ಇನ್ನು ಇಂಜೆಕ್ಷನ್ ಸಿಗುವುದಿಲ್ಲವಲ್ಲ ಎಂಬ ಸಿಟ್ಟು. ಕಾಯಿಲೆ ಮೈಯನ್ನಷ್ಟೇ ಅಲ್ಲ, ಬುದ್ಧಿಯನ್ನೂ ಹಿಡಿಯುತ್ತದೆ. ಫೋನಿನಲ್ಲಿ ಗಿರಿಜೆಯ ಹತ್ತಿರ ಗೊಣಗಿದೆ, "ನಿಂದೇ ಪುಣ್ಯ ಬಿಡಮ್ಮ."

ಮುಂದಿನ ವಾರ ಅವಳು ಬಸ್ಸಿಳಿದಳು. ಕೈಯಲ್ಲಿ ಐಸ್ ತುಂಬಿದ ಡಬ್ಬಿ. ಹೆಜ್ಜೆ ಎತ್ತಿಡಲಾರದಷ್ಟು ಮಂಡಿ ಬಾತಿತ್ತು.

"ತಗೋ ಅಕ್ಕ, ನಿನ್ ಪಾಲು. ಈ ಸಲ ನಾನು ಹಾಕಿಸ್ಕೊಳ್ದೆ ನಿಂಗೇ ತಂದ್ಬುಟ್ಟೆ."

ಒಬ್ಬಟ್ಟಿನಂತೆ ಮದ್ದನ್ನೂ ಹಂಚಿಕೊಳ್ಳಲು ಬಂದಿದ್ದಳು. ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಇಬ್ಬರೂ ಆಟೋ ಹತ್ತಿ ಡಾಕ್ಟರ ಬಳಿ ಹೋದೆವು. ಅವರು ಡಬ್ಬಿ ನೋಡಿ ನನ್ನತ್ತ ತಿರುಗಿದರು.

"ಒಳಗೆ ಟಿಬಿ ಅಡಗಿದ್ರೆ ಈ ಸೂಜಿ ಅದನ್ನ ಎಬ್ಬಿಸ್ತದೆ. ನಿಮ್ಗೆ ಆ ಟೆಸ್ಟೇ ಮಾಡಿಲ್ಲ. ಅದೂ ಅಲ್ದೆ, ನಿಮ್ಗೆ ಮಾತ್ರೆ ಹಿಡಿದೈತೆ. ಇದು ಬೇಕಾಗಿರೋದು ಇವರಿಗೆ."

ಗಿರಿಜೆ ತಲೆ ತಗ್ಗಿಸಿದಳು. "ನಂಗೂ ಮೊದ್ಲು ಅದೇ ಮಾತ್ರೆ ಕೊಟ್ಟಿದ್ರು ಕಣಕ್ಕ. ಲಿವರ್ ಕೆಟ್ಟೋಯ್ತು. ಅಮ್ಮ ಹೆದರ್ತಾಳೆ ಅಂತ ಯಾರಿಗೂ ಹೇಳ್ಲಿಲ್ಲ. ನಿಂಗೆ ಒಗ್ಗೈತೆ ಅಂತ ಭಾವ ಅಂದಾಗ ಹೊಟ್ಟೆ ಉರೀತು."

ನಾನು ಡಬ್ಬಿಯನ್ನು ಅವಳತ್ತ ಸರಿಸಿದೆ.

ನರ್ಸ್ ಆ ಇಂಜೆಕ್ಷನ್ ಅವಳಿಗೇ ಹಾಕಲು ಬಂದರು. ಗಿರಿಜೆಗೆ ಸೂಜಿ ಎಂದರೆ ಈಗಲೂ ಭಯ. ಕಣ್ಣು ಮುಚ್ಚಿ ಕೈ ಚಾಚಿದಳು. ನಾನು ಹಿಡಿದುಕೊಂಡೆ.

"ಮೆಲ್ಲಗೆ ಹಿಡ್ಕೊ ಅಕ್ಕ," ಎಂದಳು, "ನೋಯ್ತದೆ."